ಖಾಲಿ ಕುರ್ಚಿಗೆ ಕೇಳಿದ ಪ್ರಶ್ನೆ

ಮಾರ್ಚ್ ೧೧, ಮಂಗಳವಾರ

ಮುದ್ದು ಮಗಳೇ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಆರೋಗ್ಯ ಚೆನ್ನಾಗಿದೆ, ಮಂಡಿನೋವು ಇದ್ದದ್ದೇ. ಸಿಟ್ಟು ಇಳಿಯಲಿ, ಆಮೇಲೆ ಬರೆದರಾಯಿತು ಅಂದುಕೊಂಡಿದ್ದೆ. ಇಳಿಯುವ ಲಕ್ಷಣ ಕಾಣುತ್ತಿಲ್ಲ.

ಕಳೆದ ವಾರ ಚಾನೆಲ್‌ನವರು ಸನ್ಮಾನ ಮಾಡಿದರು. ಮೂವತ್ತೆರಡು ವರ್ಷ ಊರಿನ ದೊಡ್ಡವರನ್ನೆಲ್ಲ ಕೂರಿಸಿ ಪ್ರಶ್ನೆ ಕೇಳಿದ ಸ್ಟುಡಿಯೋದಲ್ಲೇ ನನ್ನನ್ನು ಕೂರಿಸಿದರು. ಈಗ ಅಲ್ಲಿ ದಿನಾ ಸಂಜೆ ಎಂಟು ಜನರನ್ನು ಸೇರಿಸಿಕೊಂಡು, ಮೇಜು ಗುದ್ದುತ್ತ, ಒಬ್ಬರಿಗೂ ಬಾಯಿ ತೆರೆಯಲು ಬಿಡದ ನಿರೂಪಕನೊಬ್ಬ ಇದ್ದಾನಲ್ಲ, ಅವನು ಮೈಕ್ ಹಿಡಿದು, ತನ್ನ ಗದರಿಕೆಯೆಲ್ಲ ಮೇಡಂ ಕೊಟ್ಟ ಬಳುವಳಿ ಅಂದ. ಮೈ ಉರಿದುಹೋಯಿತು. ಆ ಮೇಜನ್ನು ನಾನು ಒಮ್ಮೆಯೂ ಗುದ್ದಿದವಳಲ್ಲ ಎಂದು ಹೇಳಲು ಎದ್ದೆ. ಅಷ್ಟರಲ್ಲಿ ದೀಪ ಆರಿಸಿ ಆ ತುಣುಕು ಹಾಕಿದರು.

ನೀನು ಪ್ರತಿ ವರ್ಷ ನಿನ್ನ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ತೋರಿಸುವ ಅದೇ ತುಣುಕು. ಕೊಳಚೆ ಸೇರಿದ ನಲ್ಲಿನೀರು ಕುಡಿದು ಮೂವತ್ತೊಂದು ಜನ ಸತ್ತಿದ್ದಾರೆ. ನೀರು ಸರಬರಾಜು ಕಚೇರಿಯಲ್ಲಿ ಅಲ್ಲಿನ ಎಂಜಿನಿಯರ್ ಎದುರಿಗಿದ್ದಾರೆ. ಎಲ್ಲರೂ ಹೊಗಳುವ ಆ ಸುಡುವ ನೋಟ ಬೀರಿ, ‘ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ?’ ಅನ್ನುತ್ತೇನೆ. ಅವರು ಕನ್ನಡಕ ತೆಗೆದು ತಲೆ ತಗ್ಗಿಸುತ್ತಾರೆ. ಹನ್ನೊಂದು ಸೆಕೆಂಡು ಮಾತಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ನಮ್ಮ ಹಳೆಯ ಕ್ಯಾಮೆರಾದವನು ಕೂತಿದ್ದ. ‘ಅಕ್ಕಾ, ಈ ಹಳಸಿದ ಅಡುಗೆನ ಇನ್ನೂ ಎಷ್ಟು ವರ್ಷ ಬಡಿಸ್ತಾರೆ?’ ಅಂದ. ನನಗೆ ನಗು ಬರಲಿಲ್ಲ.

ಈಗ ನೀನು ಅದನ್ನು ಪಠ್ಯಪುಸ್ತಕದ ಮೊದಲ ಪಾಠ ಮಾಡುತ್ತೀಯಂತೆ. ಆ ಪ್ರಶ್ನೆ ಹೇಗೆ ಹೊಳೆಯಿತೆಂದು ಹತ್ತು ಸಾಲು ಬರೆದುಕೊಡಬೇಕಂತೆ. ಬರೆಯುತ್ತೇನೆ, ತಗೋ.

ಹೊರಗೆ ಹೋದಾಗ ನಮ್ಮ ಹತ್ತಿರ ಇರುತ್ತಿದ್ದದ್ದು ಒಂದೇ ಕ್ಯಾಮೆರಾ. ಮಾತು ಮುಗಿಯುವವರೆಗೂ ಅದು ಬಂದವರ ಮುಖ ನೋಡುತ್ತಿತ್ತು. ಅವರು ಎದ್ದು ಹೋದ ಮೇಲೆ ಕ್ಯಾಮೆರಾ ನನ್ನ ಕಡೆ ತಿರುಗುತ್ತಿತ್ತು; ಅವೇ ಪ್ರಶ್ನೆಗಳನ್ನು ನಾನು ಖಾಲಿ ಕುರ್ಚಿಗೆ ಇನ್ನೊಮ್ಮೆ ಕೇಳುತ್ತಿದ್ದೆ. ಆಮೇಲೆ ಎರಡನ್ನೂ ಜೋಡಿಸುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು, ಮೋಸವೇನಲ್ಲ. ಕೇಳಿದ್ದನ್ನೇ ಮತ್ತೆ ಕೇಳಬೇಕು, ಅಷ್ಟೇ.

ನಾನು ಕೇಳಿದ್ದನ್ನೇ ಕೇಳಲಿಲ್ಲ. ಆ ಮನುಷ್ಯನಿಗೆ ನಾನು ನಿಜವಾಗಿ ಕೇಳಿದ್ದು, ಜನ ಸತ್ತ ದಿನ ಮನೆಗೆ ಹೋಗಿ ಏನು ಹೇಳಿದಿರಿ ಎಂದು. ಕನ್ನಡಕ ತೆಗೆದದ್ದು ಅದಕ್ಕೆ. ಹನ್ನೊಂದು ಸೆಕೆಂಡು ಕಳೆದ ಮೇಲೆ, ಸತ್ತ ಮಕ್ಕಳಲ್ಲಿ ಇಬ್ಬರು ಹೆಂಡತಿ ಪಾಠ ಮಾಡುವ ಶಾಲೆಯವರು, ಅವಳಿಗೆ ಏನೂ ಹೇಳಲಾಗಲಿಲ್ಲ ಅಂದರು. ಆ ಪ್ರಶ್ನೆಯನ್ನೂ ಉತ್ತರವನ್ನೂ ಕತ್ತರಿಸಿ ತೆಗೆಸಿದೆ. ಅವರು ಹೋದ ಮೇಲೆ ಹೊಳೆದ, ಇನ್ನೂ ಮೊನಚಾದ ಪ್ರಶ್ನೆಯನ್ನು ತಂದು ಆ ಮೌನದ ಮುಂದೆ ಇಟ್ಟೆ.

ವಾರದೊಳಗೆ ಅವರನ್ನು ಅಮಾನತು ಮಾಡಿದರು, ತಿಂಗಳೊಳಗೆ ನನಗೆ ಪ್ರಶಸ್ತಿ ಬಂತು. ಅದರ ಹಿಂದೆಯೇ ಅವರಿಂದ ಒಂದು ದಪ್ಪ ಲಕೋಟೆ. ಸಾವುಗಳಿಗೆ ಮುಂಚೆ ಅವರು ಮೇಲಿನವರಿಗೆ ಬರೆದಿದ್ದ ಮೂರು ಎಚ್ಚರಿಕೆ ಪತ್ರಗಳ ಪ್ರತಿ. ಮೂರನೆಯದರ ಅಂಚಿನಲ್ಲಿ ಮೇಲಧಿಕಾರಿಯ ಕೈಬರಹ: ಜನರನ್ನು ಗಾಬರಿಪಡಿಸಬೇಡಿ. ಜೊತೆಗಿನ ಚೀಟಿಯಲ್ಲಿ ಒಂದೇ ಸಾಲು: ‘ಮೇಡಂ, ಆ ಪ್ರಶ್ನೆ ನೀವು ನನಗೇ ಕೇಳಿದ್ದರೆ ಉತ್ತರ ಹೇಳುತ್ತಿದ್ದೆ.’

ನಾನು ಅದನ್ನು ಮೇಜಿನ ಖಾನೆಗೆ ಹಾಕಿದೆ. ವಿಚಾರಣೆ ಹೇಗೂ ನಡೆಯುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಡೆಯಿತು, ನಾಲ್ಕು ವರ್ಷ. ತಪ್ಪಿಲ್ಲವೆಂದು ತೀರ್ಪು ಬಂದಾಗ ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲು. ನಮ್ಮ ಚಾನೆಲ್‌ನಲ್ಲಿ ಅದೂ ಇಲ್ಲ. ಆ ತೀರ್ಪು ನೋಡಲು ಅವರು ಬದುಕಿ ಉಳಿದಿರಲಿಲ್ಲ. ಈಗ ಹೇಳು, ಮೇಜು ಗುದ್ದುವ ಆ ನಿರೂಪಕನಿಗೆ ಬಯ್ಯಲು ನನಗೆ ಯಾವ ಮುಖವಿದೆ? ಅವನು ಕೊನೆಪಕ್ಷ ಎದುರಿಗಿರುವವರಿಗೇ ಗದರುತ್ತಾನೆ.

ನಿನ್ನ ಮೇಲೂ ಸಿಟ್ಟಿದೆ. ಕತ್ತರಿಸದ ಮೂಲ ಟೇಪು ನಿಮ್ಮ ಕಾಲೇಜಿಗೇ ಬಂದು ಏಳು ವರ್ಷವಾಯಿತು. ಒಮ್ಮೆಯಾದರೂ ಪೂರ್ತಿ ನೋಡಬಾರದಿತ್ತೇ? ಅಮ್ಮ ಅಂದಮೇಲೆ ಪ್ರಶ್ನೆಯೇ ಬೇಡವೇ?

ಲಕೋಟೆಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಪಾಠ ಹಾಕುವುದಾದರೆ ಈ ಮೂರು ಪತ್ರಗಳ ಸಮೇತ, ಈ ಕಾಗದದ ಸಮೇತ ಹಾಕು. ನನ್ನ ಹೆಸರು ಏನಾಗುತ್ತದೋ ಎಂದು ಯೋಚಿಸಬೇಡ. ಅಳಿಯಂದಿರಿಗೆ ನೆನಪುಗಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಗಟ್ಟಿಯಾಗಿರು. ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗೇ ಸೇರಲಿ.

ನಿನ್ನ
ಅಮ್ಮ

ತಾ.ಕ.: ಕುರ್ಚಿ ಖಾಲಿಯಿತ್ತು ಎಂದು ಬರೆದೆ. ಹೊಡೆದುಹಾಕಲು ಹೋಗಿ ಬಿಟ್ಟೆ. ಇದನ್ನೂ ನೀನು ಟೇಪಿನಿಂದಲೇ ತಿಳಿಯುವುದು ಬೇಡ, ನಾನೇ ಹೇಳುತ್ತೇನೆ. ಅವತ್ತು ನಿನಗೆ ರಜೆ, ಆರು ವರ್ಷ; ನನ್ನ ಜೊತೆಗೇ ಬಂದಿದ್ದೆ. ಖಾಲಿ ಗಾಳಿಯನ್ನು ನೋಡಿದರೆ ನನ್ನ ಕಣ್ಣು ಎಲ್ಲೋ ಹೋಗುತ್ತದೆಂದು ಕ್ಯಾಮೆರಾದವನು ಆ ಕುರ್ಚಿಯಲ್ಲಿ ನಾಲ್ಕು ಫೈಲು ಪೇರಿಸಿ ಅವುಗಳ ಮೇಲೆ ನಿನ್ನನ್ನು ಕೂರಿಸಿದ. ‘ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ?’ ಅಂದೆ. ‘ನೀನೇ ಅಲ್ವಾಮ್ಮ ಸುಮ್ನಿರು ಅಂದಿದ್ದು?’ ಅಂದೆ ನೀನು. ಎಲ್ಲರೂ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು, ಬಾಯಿ ಮುಚ್ಚು ಎಂದು ಗದರಿ ಮತ್ತೆ ಕೇಳಿದೆ. ಚಾನೆಲ್‌ನವರು ಇಟ್ಟುಕೊಂಡದ್ದು ಆ ಎರಡನೆಯ ಸಲ ಕೇಳಿದ್ದನ್ನು. ಜನ ಇಷ್ಟು ವರ್ಷ ಹೊಗಳಿದ ಆ ನೋಟ ಎಂಜಿನಿಯರ್ ಮೇಲಿನದಲ್ಲ. ನೀನು ಅಳಲಿಲ್ಲ. ಕೈ ಕಟ್ಟಿಕೊಂಡು, ನಾನು ಮುಗಿಸುವವರೆಗೂ ಸುಮ್ಮನೆ ಕೂತಿದ್ದೆ.