ಅಂಗಿ ಜೇಬಿನ ಮಾತ್ರೆ

ಸೊಸೆ ಮಹಾರಾಯ್ತಿ,

ನಿನ್ನ ಕಾರ್ಖಾನೆ ಅಂಗಿ ಒಗೆಯೋಕೆ ತಗೊಂಡೆ. ಜೇಬಲ್ಲಿ ಮಕ್ಕಳಾಗದ ಮಾತ್ರೆ ಸಿಕ್ಕಿತು. ಗಾಬರಿಯಾಗಬೇಡ, ನೀರಿಗೆ ಹಾಕಿಲ್ಲ. ಹೊಲಿಗೆ ಪೆಟ್ಟಿಗೆಯಲ್ಲಿ ಗುಂಡಿ ಡಬ್ಬಿ ಕೆಳಗಿಟ್ಟಿದ್ದೀನಿ. ನಿನ್ನ ಗಂಡ ಜನ್ಮದಲ್ಲಿ ಅಲ್ಲಿ ಕೈ ಹಾಕಲ್ಲ. ಗುಂಡಿ ಕಿತ್ತರೆ ಪಿನ್ನು ಚುಚ್ಕೊಂಡೇ ಓಡಾಡ್ತಾನೆ.

ನಿನ್ನೆಯ ಮಾತ್ರೆ ಹಾಗೇ ಇದೆಯಲ್ಲೇ! ಪಾಳಿ ಬದಲಾಗಿದ್ದು ಹೊಟ್ಟೆಗೇನು ಗೊತ್ತು? ಬಂದ ತಕ್ಷಣ ನುಂಗು. ನರ್ಸಮ್ಮನ್ನ ಕೇಳ್ಕೊಂಡೇ ಬರೀತಿದ್ದೀನಿ.

ಐದು ಹೆತ್ತವಳು ನಾನು. ಬೇಕಾ ಅಂತ ನನ್ನನ್ನ ಒಬ್ಬರೂ ಕೇಳಲಿಲ್ಲ.

ಸಂಜೆ ನಲ್ಲಿ ಹತ್ತಿರ ನನ್ನ ವಾರಗಿತ್ತಿ ಕಾದಿರ್ತಾಳೆ. ಅವಳು ಬಾಯಿ ತೆಗೆಯೋಕೆ ಮುಂಚೆ ನಾನೇ "ಮೊಮ್ಮಗು ಯಾವಾಗ್ಲೇ?" ಅಂತ ಜೋರಾಗಿ ಬೈತೀನಿ. ನೀನು ತಲೆ ತಗ್ಗಿಸ್ಕೊಂಡು ನಿಂತ್ಕೋ. ನಗು ಬಂದ್ರೆ ಸೆರಗು ಅಡ್ಡ ಇಟ್ಕೋ.

ನಿನ್ನ ಅತ್ತೆ