ಲಾಂಡ್ರಿ ಕಾರಿಡಾರಿನ ಕಿಟಕಿ

ಮಾರ್ಚ್ 3, ಸೋಮವಾರ

ಎದ್ದೆ. ಇವರಿಗೆ ಹಲ್ಲುಜ್ಜಿಸಿದೆ. ಗಡ್ಡ ತೆಗೆದೆ — ಬಲಗೆನ್ನೆಗೆ ಸ್ಪರ್ಶ ತಿಳಿಯುವುದಿಲ್ಲ, ಕೊಯ್ದರೂ ಗೊತ್ತಾಗುವುದಿಲ್ಲ, ಅಲ್ಲಿ ಹುಷಾರು. ಹೊಲಿಗೆ ಅಂಗಡಿಗೆ ಹೋದೆ. ಇವತ್ತು ಬರೀ ಪ್ಯಾಂಟುಗಳು. ಎಲ್ಲವನ್ನೂ ಗಿಡ್ಡ ಮಾಡುವುದೇ. ಊರಲ್ಲಿ ಯಾರ ಕಾಲೂ ಬೆಳೆಯುತ್ತಿಲ್ಲವೇನೋ. ಬಂದೆ.

ಸಂಜೆ ಗೂಬೆಯ ಫೋನ್. ಇವರ ಆಟದ ಗೆಳೆಯ. ಹಳೇ ವಿಡಿಯೋ ಗೇಮ್ ಪೆಟ್ಟಿಗೆ ರಿಪೇರಿ ಮಾಡುತ್ತಾನೆ. ಹಗಲು ಹೊತ್ತು ಮುಖ ತೋರಿಸುವುದಿಲ್ಲ ಅಂತ ಇವರೇ ಇಟ್ಟ ಹೆಸರು. ಸ್ಪೀಕರ್ ಹಾಕಿದೆ.

"ಅತ್ತಿಗೆ, ಏಪ್ರಿಲ್ ಇಪ್ಪತ್ತೇಳಕ್ಕೆ ನಮ್ಮ ಕೂಟ. ವೇದಿಕೆ ಮೇಲೆ ಆಡೋಕೆ ಅವನ ಹೆಸರಲ್ಲಿ ಒಂದು ಸ್ಲಾಟ್ ಇದೆ. ಸ್ಟ್ರೋಕ್ ಆಗೋಕ್ಕೆ ಮುಂಚೆ ಬರೆಸಿದ್ದ. ಬೇರೆಯವರಿಗೆ ಕೊಟ್ಟುಬಿಡ್ಲಾ? ತಪ್ಪು ತಿಳ್ಕೋಬೇಡಿ..."

ಇವರು ಎಡಗೈಯಿಂದ ಕುರ್ಚಿಯ ಕೈ ಬಡಿದರು. ಎರಡು ಸಲ. ಒಂದು ಅಂದರೆ ಹೂಂ, ಎರಡು ಅಂದರೆ ಬೇಡ. ಆಮೇಲೆ ಬೆರಳು ನನ್ನ ಕಡೆ ತಿರುಗಿತು.

"ನಾನಾ?"

ಒಂದು ಸಲ ಬಡಿದರು.

ಅತ್ತೆ ಅಡುಗೆಮನೆಯಿಂದಲೇ — "ಅವಳಿಗೆ ಸೂಜಿ ಬಿಟ್ರೆ ಇನ್ನೇನು ಬರುತ್ತೆ?"

ಗೂಬೆಗೆ ಹೂಂ ಅಂದೆ. ಯಾಕೆ ಅಂದೆನೋ. ಬೇಡ ಅನ್ನುವುದಕ್ಕೂ ಒಂದಿಷ್ಟು ಜೀವ ಬೇಕಲ್ಲ.

ಮಾರ್ಚ್ 4

ಅಲಮಾರಿಯ ಮೇಲಿಂದ ಪೆಟ್ಟಿಗೆ ಇಳಿಸಿದೆ. ದಪ್ಪ ಬೆನ್ನಿನ ಹಳೇ ಟಿವಿಯ ಧೂಳು ಒರೆಸಿದೆ. ಹೊಸ ಟಿವಿಯಲ್ಲಿ ಗುಂಡಿ ಒತ್ತಿದ್ದು ಒಂಚೂರು ತಡವಾಗಿ ಕಾಣುತ್ತದಂತೆ. ಅದಕ್ಕೇ ಇದನ್ನು ಮಾರಲು ಬಿಟ್ಟಿರಲಿಲ್ಲ ಇವರು.

ಆಟ ನಮ್ಮ ಮದುವೆಗಿಂತ ಹಳೆಯದು. ಪಾಳುಬಿದ್ದ ಹೋಟೆಲ್. ಒಳಗೆ ಸತ್ತವರು ಎದ್ದು ಓಡಾಡುತ್ತಾರೆ. ನಾವು ಕೀಲಿ ಹುಡುಕಿ ಹೊರಗೆ ಬರಬೇಕು. ಬೇರೆಯವರು ಹೆದರಿ ಹೆದರಿ ವಾರಗಟ್ಟಲೆ ಆಡುವುದನ್ನು ಇವರು ಒಂದೇ ಉಸಿರಿಗೆ ಓಡಿ ಮುಗಿಸುತ್ತಿದ್ದರು. ಯಾವ ಕೋಣೆ ಬಿಡಬಹುದು, ಯಾವ ಹೆಣವನ್ನು ಕೊಲ್ಲದೆ ಪಕ್ಕದಿಂದ ನುಸುಳಬಹುದು — ಅದೇ ಯೋಚನೆ ಮೂರು ಹೊತ್ತೂ. ನಡುವೆ ಸೇವ್ ಮಾಡುವಂತಿಲ್ಲ. ಸತ್ತರೆ ಮೊದಲಿನಿಂದ. ಸ್ಪೀಡ್‌ರನ್ ಅಂದರೆ ಇಷ್ಟೇ.

ಪಕ್ಕದಲ್ಲಿ ನಾನು. ಕೈಯಲ್ಲಿ ಸ್ಟಾಪ್‌ವಾಚ್, ಬಾಯಲ್ಲಿ ದಾರಿ. "ಎಡ ಬಾಗಿಲು. ಹಿತ್ತಾಳೆ ಕೀಲಿ. ಮೆಟ್ಟಿಲು. ನಾಯಿ." ಇವರ ಕಣ್ಣು ಟಿವಿ ಬಿಟ್ಟು ಕದಲಬಾರದು, ಹಾಗಾಗಿ ಟೈಮ್ ಓದುವ ಕೆಲಸವೂ ನನ್ನದು. ವರ್ಷಗಟ್ಟಲೆ ಕೂಗಿದ್ದೇನೆ. ದಾರಿ ಬಾಯಿಪಾಠ. ಕೈಪಾಠ ಅಲ್ಲ.

ಇವರ ದಾಖಲೆಗಿಂತ ಗೂಬೆಯದು ಮೂರೇ ಸೆಕೆಂಡ್ ಕಡಿಮೆ. ಆ ಮೂರು ಸೆಕೆಂಡಿಗೆ ಎಷ್ಟು ಕಿತ್ತಾಟ, ಎಷ್ಟು ಬಾಜಿ. ಕೊನೆಗೂ ಮುರಿಯಲಾಗಲಿಲ್ಲ.

ಮಾರ್ಚ್ 9, ಭಾನುವಾರ, ಬೆಳಗ್ಗೆ

ಮೊದಲ ಸಲ ಕೂತೆ. ಸ್ಟಾಪ್‌ವಾಚ್ ಮಡಿಲಲ್ಲಿ. ಕುರ್ಚಿಯಲ್ಲಿ ಇವರು, ಮಂಚದ ಮೇಲೆ ಅತ್ತೆ. ಬಾಯಲ್ಲಿ ಎಡ ಅನ್ನುತ್ತೇನೆ, ಬೆರಳು ಬಲಕ್ಕೆ ಹೋಗುತ್ತದೆ. ಹೆಣ ಎದುರು ಬಂದಾಗ ಓಡುವ ಗುಂಡಿ ಒತ್ತಬೇಕು. ನಾನು ಒತ್ತಿದ್ದು ಬಲಗಾಲು. ಮೆಷಿನ್ ಪೆಡಲ್ ಅಂದುಕೊಂಡು. ನೆಲ ಒತ್ತಿದರೆ ಯಾರು ಓಡುತ್ತಾರೆ? ಸತ್ತೆ.

ಅತ್ತೆ ನಕ್ಕು ನಕ್ಕು ಸುಸ್ತಾದರು. ಆಮೇಲೆ ಟಿವಿ ನೋಡುತ್ತಾ — "ಅಲ್ಲ ಕಣೇ, ಸತ್ತೋರೆಲ್ಲ ಎದ್ದು ಓಡಾಡ್ತಾವ್ರೆ. ನನ್ನ ಮಗ ಬದುಕಿದ್ದೂ ಕುರ್ಚಿ ಬಿಟ್ಟು ಏಳಂಗಿಲ್ಲ."

ಇವರ ಬಾಯಿಯ ಎಡಭಾಗ ಮಾತ್ರ ನಕ್ಕಿತು. ಮತ್ತೆ ಶುರು ಮಾಡಿದೆ.

ಮಾರ್ಚ್ 12

ಮಾತು ಕಲಿಸುವ ಮೇಡಂ ಹತ್ತಿರ. ಚಿತ್ರ ತೋರಿಸಿದರು: ಚಮಚ, ಛತ್ರಿ, ಬೀಗ. ಇವರದು ಒಂದೇ ಉತ್ತರ — "ದಾ." ಚಮಚವೂ ದಾ, ಛತ್ರಿಯೂ ದಾ. ಎಲ್ಲಾ ಅರ್ಥವಾಗುತ್ತದೆ, ತೆಗೆದು ಹೇಳಲು ಆಗುವುದಿಲ್ಲ.

"ಮೊದಲ ಆರು ತಿಂಗಳು ಮುಖ್ಯ," ಅಂದರು ಮೇಡಂ. ಈಗ ಐದನೆಯದು. "ಆಮೇಲೂ ಬರಬಹುದು. ನಿಧಾನ ಆಗುತ್ತೆ ಅಷ್ಟೇ." ಹೇಳುವಾಗ ಪೆನ್ನಿನ ಮುಚ್ಚಳ ನೋಡುತ್ತಿದ್ದರು. "ಹುಡುಕಿ ಆಡೋ ಮಾತು ಕಷ್ಟ. ರೂಢಿಯಿಂದ ತಾನಾಗೇ ಬಾಯಿಗೆ ಬರ್ತಿದ್ದ ಮಾತು ಕೆಲವರಿಗೆ ಮೊದಲು ಬರುತ್ತೆ. ಎಣಿಸೋದು, ಹಾಡು, ಬೈಗುಳ..."

ಅತ್ತೆ ನೆಟ್ಟಗೆ ಕೂತರು. "ಬೈಯ್ಲಿ ತಾಯಿ! ನನ್ನನ್ನೇ ಬೈಯ್ಲಿ. ಚಿಕ್ಕವನಿದ್ದಾಗ ಬೈದ ಅಂತ ಬಾಯಿಗೆ ಬರೆ ಎಳೀತೀನಿ ಅಂದಿದ್ದೆ. ಪಾಪಿ ನಾನು."

ದಾರಿಯುದ್ದಕ್ಕೂ ಅತ್ತೆ ಮೂಗು ಒರೆಸಿಕೊಳ್ಳುತ್ತಿದ್ದರು. ನನಗೆ ಏನೂ ಅನಿಸಲಿಲ್ಲ. ಅನಿಸಬೇಕು ಅಂತ ಗೊತ್ತು. ಕೂತ ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯದಲ್ಲ, ಹಾಗಿದೆ. ಆಸ್ಪತ್ರೆಯಲ್ಲಿ ಕೂಡ ಅಳಲಿಲ್ಲ ನಾನು. ನರ್ಸ್ ಹೊಗಳಿದಳು, ಗಟ್ಟಿಗಿತ್ತಿ ಅಂತ.

ಮಾರ್ಚ್ 23, ಭಾನುವಾರ

ಕೈ ಕುದುರುತ್ತಿದೆ. ಅಂಗಡಿಯ ಯಜಮಾನಿ ಕೇಳಿದರು, ಹೆಬ್ಬೆರಳಿಗೆ ಏನಾಯಿತು, ಗುಳ್ಳೆ ಎದ್ದಿದೆ. ವಿಡಿಯೋ ಗೇಮ್ ಅಂದೆ. ಗಂಡ ಆ ಸ್ಥಿತಿಯಲ್ಲಿ... ಅನ್ನುವ ನೋಟ. ನೋಡಲಿ.

ಅರ್ಧ ಹೋಟೆಲ್ ಸಲೀಸು. ನಾಯಿಗಳಿಗೆ ನಾನು ಹೆದರುವುದಿಲ್ಲ ಈಗ. ಆದರೆ ಲಾಂಡ್ರಿ ಕಾರಿಡಾರಿನಲ್ಲಿ ಸಾಯುತ್ತೇನೆ. ಪ್ರತಿ ಸಲ. ಬಾಗಿಲು ತೆರೆಯುತ್ತೇನೆ, ಕಿಟಕಿಯ ಹತ್ತಿರ ನಿಲ್ಲುತ್ತೇನೆ, ಗಾಜು ಒಡೆಯುವ ಸದ್ದು — ತಲೆ ಎತ್ತುವಷ್ಟರಲ್ಲಿ ಪರದೆ ಕೆಂಪು.

ಅತ್ತೆ ಹೇಳಿದ ಮೇಲೆ ಗೊತ್ತಾಯಿತು. "ಅಲ್ಲೇ ಯಾಕೆ ತಲೆ ತಗ್ಗಿಸ್ತೀಯ? ಮದುವಣಗಿತ್ತಿ ಥರ?"

ಸ್ಟಾಪ್‌ವಾಚ್ ನೋಡುತ್ತಿದ್ದೇನೆ. ನನಗೇ ಅರಿವಿಲ್ಲದೆ. ಅಲ್ಲಿಗೆ ಬಂದ ಕೂಡಲೇ ಇವರು ಕೇಳುತ್ತಿದ್ದರು, "ಟೈಮ್ ಎಷ್ಟೇ?" ನಾನು ತಗ್ಗಿ ಓದುತ್ತಿದ್ದೆ. ಓದಲು ಶುರು ಮಾಡಿದ ಮೇಲೇ ಇವರ ಹೆಜ್ಜೆ ಮುಂದೆ. ಒಂದು ದಿನವೂ ತಪ್ಪಿಸಿದ್ದಿಲ್ಲ. ಈಗ ಕೇಳುವವರಿಲ್ಲ. ಕತ್ತು ಮಾತ್ರ ತಾನಾಗಿ ಬಗ್ಗುತ್ತದೆ.

ಮಾರ್ಚ್ 26

ಗೂಬೆಗೆ ಫೋನ್ ಮಾಡಿದೆ. ಕಿಟಕಿಯ ಹತ್ತಿರ ಟೈಮ್ ಯಾಕೆ ನೋಡಬೇಕು ಅಂತ.

"ಯಾರೂ ನೋಡಲ್ಲ ಅತ್ತಿಗೆ. ಮುಂದಿನ ಬಾಗಿಲು ದಾಟಿದ ಮೇಲೆ ನೋಡ್ತೀವಿ. ಬಾಗಿಲು ತೆರೆಯೋದು ನಿಧಾನ, ಆಗ ಪುರುಸೊತ್ತು ಇರುತ್ತೆ. ಕಿಟಕಿ ಹತ್ರ ನಿಂತ್ರೆ ಸುಮ್ನೆ ನಷ್ಟ."

"ಎಷ್ಟು ನಷ್ಟ?"

"ಮೂರು... ನಾಲ್ಕು ಸೆಕೆಂಡ್." "ಅವನಿಗೆ ನಾನೇ ಹೇಳಿದ್ದೆ. ಅಲ್ಲಿ ನಿಲ್ಲಬೇಡ್ವೋ ಮಾರಾಯ, ನನ್ನ ದಾಖಲೆ ನಾಳೇನೇ ಮುರೀತೀಯ ಅಂತ. ಅದು ಇರ್ಲಿ ಬಿಡು ಅಂದ. ಅಷ್ಟೇ."

ಮಾರ್ಚ್ 30, ಭಾನುವಾರ

ಇವರ ಹಳೇ ರನ್‌ಗಳ ರೆಕಾರ್ಡಿಂಗ್ ಹಾಕಿದೆ. ಟಿವಿಯಲ್ಲಿ ಆಟ, ಹಿಂದೆ ನಮ್ಮ ದನಿ. ಇವರ ದನಿ ಕೇಳಿ ಅತ್ತೆ ಎದ್ದು ಹೊರಗೆ ಹೋದರು. ನಾನು ಕೂತೇ ಇದ್ದೆ.

ಲಾಂಡ್ರಿ ಕಾರಿಡಾರ್. "ಟೈಮ್ ಎಷ್ಟೇ?" ನನ್ನ ದನಿ ಓದುತ್ತದೆ. ಓದುತ್ತಿರುವಾಗ ಇವರು ಮೆಲ್ಲಗೆ ಒಂದೇ ಹೆಜ್ಜೆ ಇಡುತ್ತಾರೆ. ಗಾಜು ಒಡೆಯುತ್ತದೆ. ಒಳಗೆ ಬರುವವನು ಹೋಟೆಲಿನ ಸತ್ತ ಅಡುಗೆಯವನು. ಮುಖದ ಜಾಗದಲ್ಲಿ ಮುಖ ಇಲ್ಲ. ಪರದೆಯ ತುಂಬ ಅದೇ. ನಾನು ಕಿರುಚಿ ರಿಮೋಟ್ ಎಸೆದೆ.

ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ. ಒಡೆಯುವ ಸದ್ದು ಗೊತ್ತು. ಅವನನ್ನು ನೋಡಿದ್ದು ಇವತ್ತೇ.

ಅತ್ತೆ ಓಡಿ ಬಂದರು. "ಅಯ್ಯೋ, ಮತ್ತೆ ನಾಯಿ ಬಂತಾ? ಮದುವೆಯಾದ ಹೊಸದರಲ್ಲಿ ಇದೇ ನಾಯಿಗೆ ಕಿರುಚಿ ಪಕ್ಕದ ಮನೆಯವರೆಲ್ಲ ಬಂದಿದ್ರು. ಎರಡು ದಿನ ಈ ಕೋಣೆಗೆ ಕಾಲಿಡಲಿಲ್ಲ ನೀನು. ಆಮೇಲೆ ತಾನೆ ಅವನು ಆ ಗಡಿಯಾರ ತಂದು ನಿನ್ನ ಕೈಗೆ ಕೊಟ್ಟಿದ್ದು?"

ಹೌದು. ಆಮೇಲೇ.

ಅದೇ ದಿನ, ಸಂಜೆ

ಕುರ್ಚಿಯ ಎದುರು ನೆಲದ ಮೇಲೆ ಕೂತೆ.

"ರೀ. ಟೈಮ್ ಕೇಳ್ತಿದ್ದಿದ್ದು ನಾನು ಅವನನ್ನ ನೋಡಬಾರದು ಅಂತಾನಾ?"

ಒಂದು ಸಲ ಬಡಿದರು.

"ಪ್ರತಿ ಸಲಾನೂ?"

ಒಂದು ಸಲ.

"ಮೂರು ಸೆಕೆಂಡಿಗೆ ಸೋತಿದ್ರಿ. ಗೂಬೆ ಎದುರು. ಹೇಳೋಕೇನಾಗಿತ್ತು? ಬಾಯಿ ಇತ್ತಲ್ಲ ಆವಾಗ!"

ಎಡಭುಜ ಕುಣಿಸಿದರು. ಅದೇ, ಇರಲಿ ಬಿಡು. ನನಗೆ ಸಿಟ್ಟು ಬಂತು. ಕೆಟ್ಟ ಸಿಟ್ಟು. ಪಾತ್ರೆ ತೊಳೆಯುತ್ತಾ ಒಂದು ಲೋಟ ಒಡೆದೆ. ಇಷ್ಟು ತಿಂಗಳಲ್ಲಿ ಏನಾದರೂ ಅನಿಸಿದ್ದರೆ ಈ ಸಿಟ್ಟೊಂದೇ.

ಏಪ್ರಿಲ್ 1

ತೀರ್ಮಾನ ಮಾಡಿದೆ. ಆ ನಿಲುಗಡೆ ತೆಗೆಯುವುದು. ಬಟ್ಟೆ ಹೆಚ್ಚಾದ ಕಡೆ ಕತ್ತರಿಸಿ ಹೊಲಿಯುವುದೇ ನನ್ನ ಕೆಲಸ. ಇವರ ದಾರಿ, ನನ್ನ ಕೈ, ಮೂರು ಸೆಕೆಂಡ್ ಕಡಿಮೆ. ಇವರ ಹೆಸರಲ್ಲೇ ಬರೆಯಲಿ. ಆಟದಲ್ಲಾದರೂ ಬಾಕಿ ಉಳಿಯಬಾರದು.

ಅಡುಗೆಯವನನ್ನು ನೋಡಿ ರೂಢಿ ಮಾಡಿಕೊಳ್ಳಬೇಕು. ಅಷ್ಟೇ.

ಏಪ್ರಿಲ್ 20, ಭಾನುವಾರ

ರೂಢಿಯಾಯಿತು. ಅವನು ಬರುತ್ತಾನೆ, ನಾನು ಬಗ್ಗಿ ನುಸುಳುತ್ತೇನೆ. ಕಾಲು ನೆಲ ಒತ್ತುವುದಿಲ್ಲ. ಕತ್ತು ಬಗ್ಗುವುದಿಲ್ಲ. ಏನೂ ಅನಿಸುವುದೂ ಇಲ್ಲ. ಗೂಬೆ ಬಂದು ನೋಡಿ ತಲೆ ಕೆರೆದುಕೊಂಡ. "ಅತ್ತಿಗೆ, ನನ್ನ ದಾಖಲೆಗೆ ಎಳ್ಳುನೀರು ಬಿಟ್ರಿ."

ಇವರು ಟಿವಿ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

ಆರು ತಿಂಗಳು ಮುಗಿದು ಐದು ದಿನ. ಮೇಡಂ ಹತ್ತಿರ ಹೋಗಿದ್ದೆವು. ಚಮಚ, ಛತ್ರಿ, ಬೀಗ. ದಾ, ದಾ, ದಾ. "ಇನ್ನು ಮೇಲೆ ಹದಿನೈದು ದಿನಕ್ಕೊಮ್ಮೆ ಬಂದ್ರೆ ಸಾಕು," ಅಂದರು. ಅತ್ತೆ ಈ ಸಲ ಬೈಗುಳದ ಮಾತು ಎತ್ತಲಿಲ್ಲ.

ಏಪ್ರಿಲ್ 27, ಭಾನುವಾರ, ಸಂಜೆ

ಬರೆಯಬೇಕು. ಬರೆಯುತ್ತೇನೆ.

ಶಾಲೆಯೊಂದರ ಹಾಲ್. ಪ್ಲಾಸ್ಟಿಕ್ ಕುರ್ಚಿ, ನಲವತ್ತು ಐವತ್ತು ಜನ. ಎಲ್ಲಾ ಗೂಬೆಗಳೇ. ನಮ್ಮ ಟಿವಿಯನ್ನು ಇಬ್ಬರು ಹೊತ್ತು ತಂದಿದ್ದರು. ವೇದಿಕೆ ಮೇಲೆ ನಾನು, ಪಕ್ಕದಲ್ಲಿ ಇವರ ಕುರ್ಚಿ. ಅತ್ತೆ ಕೊನೆಯ ಸಾಲಿನಲ್ಲಿ, ಫ್ಯಾನ್ ಕೆಳಗೆ. ಗೂಬೆ ಮೈಕ್ ಹಿಡಿದು ಆಟ ವಿವರಿಸುತ್ತಿದ್ದ. ಟೈಮ್ ತೋರಿಸಲು ಗೋಡೆ ಮೇಲೆ ದೊಡ್ಡ ಅಂಕಿ. ಸ್ಟಾಪ್‌ವಾಚ್ ಬೇಕಿರಲಿಲ್ಲ. ಆದರೂ ಒತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಇಲ್ಲದಿದ್ದರೆ ಮಡಿಲು ಖಾಲಿ ಅನಿಸುತ್ತದೆ.

ಎಡ ಬಾಗಿಲು. ಹಿತ್ತಾಳೆ ಕೀಲಿ. ಮೆಟ್ಟಿಲು. ನಾಯಿ. ಕೈ ತಾನಾಗಿ ಹೋಗುತ್ತಿತ್ತು. ಇವರ ದಾಖಲೆಗಿಂತ ಮುಂದೆ, ಗೂಬೆಯದಕ್ಕಿಂತಲೂ ಮುಂದೆ. ಗೂಬೆ ಮೈಕಿನಲ್ಲೇ "ಅಯ್ಯೋ ನನ್ನ ಗತಿ" ಅಂದ. ಜನ ನಕ್ಕರು.

ಲಾಂಡ್ರಿ ಕಾರಿಡಾರ್. ಬಾಗಿಲು ತೆರೆಯಿತು.

"ಟೈಮ್ ಎಷ್ಟೇ?"

ರೆಕಾರ್ಡಿಂಗ್ ಅಂದುಕೊಂಡೆ ಒಂದು ಕ್ಷಣ. ಯಾರೋ ಹಾಕಿದ್ದಾರೆ ಅಂತ. ಆದರೆ ರೆಕಾರ್ಡಿಂಗಿನಲ್ಲಿ ಮಾತು ತೊದಲುವುದಿಲ್ಲ. "ಎಷ್ಟೇ" ಅನ್ನುವುದು "ಎತ್ತೇ" ಅಂದ ಹಾಗಿತ್ತು. ನನ್ನ ಬಲಕ್ಕೆ. ಕುರ್ಚಿಯಿಂದ.

ಓಡಬಹುದಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಕತ್ತು ಬಗ್ಗಿತು. ಮಡಿಲಲ್ಲಿದ್ದದ್ದನ್ನು ಓದಿದೆ, ಗಟ್ಟಿಯಾಗಿ — "ಮೂವತ್ತೊಂದು ನಿಮಿಷ, ಹದಿನೆಂಟು." ಓದುತ್ತಿರುವಾಗಲೇ ಗಾಜು ಒಡೆಯಿತು. ನಾನು ತಲೆ ಎತ್ತಲಿಲ್ಲ. ಹಾಲ್ ತುಂಬ "ಅಯ್ಯಯ್ಯೋ" ಅಂದರು. ಸತ್ತೆ ಅಂತ ಕಾಣುತ್ತದೆ. ನೋಡಲಿಲ್ಲ.

ಗೂಬೆ ಮೈಕ್ ಕೆಳಗಿಟ್ಟಿದ್ದ.

ಹಿಂದಿನಿಂದ ಅತ್ತೆ, ಇಡೀ ಹಾಲಿಗೆ ಕೇಳುವ ಹಾಗೆ — "ಏನಂದ? ಏನಂದ ಕಣೇ? ಬೈದ್ನಾ?"

ಆಗ ಅಳು ಬಂತು. ಅಷ್ಟೂ ಜನರ ಎದುರು, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದೆ ಅತ್ತುಬಿಟ್ಟೆ. ಇವರು ಎಡಗೈ ಚಾಚಿ ನನ್ನ ಕಣ್ಣು ಮುಚ್ಚಿದರು. ಪರದೆಯ ಮೇಲೆ ಆ ಅಡುಗೆಯವನು ಇನ್ನೂ ಇದ್ದನೇನೋ.

ರಾತ್ರಿಯ ಅಡುಗೆ ಆಗಬೇಕು. ಯಾರಿಗೂ ಹಸಿವಿಲ್ಲ. ಮನೆಗೆ ಬಂದಾಗಿನಿಂದ ಒಳಗೆ ಇವರದು ಅದೊಂದೇ ಮಾತು, ಟೈಮ್ ಎಷ್ಟೇ. ಬೇರೇನೂ ಇಲ್ಲ. ಚಮಚ ತೋರಿಸಿದೆ, "ದಾ" ಅಂದರು. ಇರಲಿ. ಈಗ ಮತ್ತೆ ಕೇಳುತ್ತಿದ್ದಾರೆ. ಪಾಪ, ಅತ್ತೆ ಗೋಡೆ ಗಡಿಯಾರ ನೋಡಿ ಪ್ರತಿ ಸಲ ಉತ್ತರ ಕೊಡುತ್ತಿದ್ದಾರೆ, "ಏಳೂ ಕಾಲು ಕಣೋ ಮಗನೇ, ಏಳೂ ಕಾಲು..."

ಇವರಿಗೆ ಬೇಕಾದ ಟೈಮ್ ಅದಲ್ಲ. ಸ್ಟಾಪ್‌ವಾಚ್ ನನ್ನ ಚೀಲದಲ್ಲೇ ಇದೆ, ನಿಲ್ಲಿಸುವುದನ್ನು ಮರೆತಿದ್ದೆ, ಇನ್ನೂ ಓಡುತ್ತಿದೆ. ಬಂದೆ ರೀ, ಓದುತ್ತೇನೆ, ಒಂದು ನಿಮಿಷ —