ಸೋರಿಕೆ ನಿಂತಿದೆ, ಮಾವ

ಪ್ರೀತಿಯ ಮಾವನವರಿಗೆ,

ಇದನ್ನು ಓದುವಾಗ ನಿಮ್ಮ ಮಗಳು ಎದುರಿಗೇ ಕೂತಿರುತ್ತಾಳೆ. ಅವಳ ಮೇಲೆ ರೇಗಬೇಡಿ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ನಿಮ್ಮ ಮುಂದೆ ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಗ್ಯಾರೇಜಿನ ಮೇಜಿನ ಮೇಲೆ ಪಾನಾಗಳನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ. ಕಾಗದಕ್ಕೆ ಗ್ರೀಸ್ ಮೆತ್ತಿದ್ದರೆ ಕ್ಷಮಿಸಿ.

ನಿಮ್ಮ ಗಾಡಿಯ ಸೋರಿಕೆಯನ್ನು ನಾನು ಮೊದಲ ದಿನವೇ ನಿಲ್ಲಿಸಿದ್ದೆ.

ಬೇಕರಿಯಿಂದ ಅಂಗಡಿ ಅಂಗಡಿಗೆ ಬ್ರೆಡ್ ಹಾಕುತ್ತ ಅರ್ಧ ಆಯುಷ್ಯವನ್ನು ಆ ಬೈಕಿನ ಮೇಲೆಯೇ ಕಳೆದವರು ನೀವು. ಹೋದ ತಿಂಗಳು ಶಾಲೆಯ ತಿರುವಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಿರಿ. ಮಕ್ಕಳು ರಸ್ತೆ ದಾಟಿ ಆಗಷ್ಟೇ ಆಚೆ ಬದಿ ಸೇರಿದ್ದರು. ಎತ್ತಲು ಓಡಿ ಬಂದವರಿಗೆ ರಸ್ತೆಗೆ ಚೆಲ್ಲಿದ ಬ್ರೆಡ್ ತೋರಿಸಿ, "ಇವತ್ತು ಕಾಗೆಗಳಿಗೆ ಫ್ರೀ ಡೆಲಿವರಿ" ಎಂದು ನಗಿಸಿದಿರಂತೆ. ಇನ್ನು ಗಾಡಿ ಓಡಿಸಲೇಬಾರದು ಎಂದು ಡಾಕ್ಟರು ಹೇಳಿದಾಗಲೂ ಹಾಗೆಯೇ ನಕ್ಕಿರಿ. "ಅವ್ರು ಕಾರಲ್ಲಿ ಓಡಾಡೋರು, ಅವ್ರಿಗೇನ್ ಗೊತ್ತು?"

ಬಿದ್ದ ಪೆಟ್ಟಿಗೆ ಕಾರ್ಬ್ಯುರೇಟರ್ ಸೋರತೊಡಗಿತು. ಗಾಡಿ ತಳ್ಳಿಕೊಂಡು ನನ್ನ ಹತ್ತಿರ ಬಂದಿರಿ. ನೀವು ಆಚೆ ಹೋದ ಮೇಲೆ ನಿಮ್ಮ ಮಗಳು ಬಂದಳು. "ಅಪ್ಪ ಡಾಕ್ಟ್ರು ಹೇಳಿದ್ರೂ ಕೇಳಲ್ಲ, ನಾನು ಹೇಳಿದ್ರೂ ಕೇಳಲ್ಲ. ಇದು ರಿಪೇರಿ ಆಗೋದೇ ಬೇಡ ಕಣ್ರೀ," ಎಂದು ಅತ್ತಳು. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ತುಂಬಿದಾಗ ಬಿರಡೆಯಂತೆ ಕೂತು ದಾರಿ ಮುಚ್ಚಬೇಕಾದ ಸೂಜಿಯ ತುದಿ ಸವೆದಿತ್ತು. ಹೊಸದು ಹಾಕಿದ್ದೆ, ಪೆಟ್ರೋಲ್ ಹಾಯದಂತೆ ಕಟ್ಟಿದ್ದ ಜೆಟ್‌ಗೆ ಗಾಳಿ ಹೊಡೆದಿದ್ದೆ, ಒಂದೇ ಕಿಕ್ಕಿಗೆ ಗಾಡಿ ಎದ್ದಿತ್ತು. ಅವಳು ಹೋದ ಮೇಲೆ ಅದನ್ನೆಲ್ಲ ಬಿಚ್ಚಿ ಹಳೆಯ ಸೂಜಿಯನ್ನೇ ಮತ್ತೆ ಕೂರಿಸಿದೆ. ರಿಪೇರಿಯಾದ ಗಾಡಿಯನ್ನು ಕೆಡಿಸಿಟ್ಟದ್ದು ನನ್ನ ಕಸುಬಿನಲ್ಲಿ ಅದೇ ಮೊದಲು. ನಿಮಗೆ, "ಪಾರ್ಟ್ ಸಿಗ್ತಿಲ್ಲ ಮಾವ, ಹಳೇ ಮಾಡೆಲ್ಲು" ಎಂದೆ.

ನೀವು ನಂಬಿದಿರಿ. ದಿನಾ ಬೆಳಿಗ್ಗೆ ಅಷ್ಟು ದೂರ ನಡೆದು ಬಂದು, ತೊಟ್ಟಿಕ್ಕುವ ಪೆಟ್ರೋಲಿಗೆ ಡಬ್ಬ ಇಟ್ಟು, ಕಾಯಿಲೆಯವರ ಪಕ್ಕ ಕೂತ ಹಾಗೆ ಕೂರುತ್ತಿದ್ದಿರಿ. ಅತ್ತ ಬೇಕರಿಯವರು ನಿಮ್ಮ ಬ್ರೆಡ್ ಲೈನನ್ನು ವ್ಯಾನಿಗೆ ಕೊಟ್ಟರು. "ಗಾಡಿ ರೆಡಿಯಾಗ್ಲಿ, ವಾಪಸ್ ಕೇಳ್ತೀನಿ" ಎಂದು ನೀವು ಹೇಳಿದಾಗ ನಾನು ಬೇರೆ ಯಾವುದೋ ಗಾಡಿಯ ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ ಬಗ್ಗಿದೆ.

ಆಮೇಲೊಂದು ದಿನ ನೀವು ಬರಲಿಲ್ಲ. ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಸಂಜೆಗೆ ಬಂದಿರಿ. ಬಿಸಿಲಿಗೆ ಮುಖ ಸುಟ್ಟಿತ್ತು, ಉಗುರುಗಳೆಲ್ಲ ಕಪ್ಪು. ಜೇಬಿನಿಂದ ಪೊಟ್ಟಣ ತೆಗೆದು, "ನೋಡಿ ಅಳಿಯಂದ್ರೇ, ನಿಮಗೆ ಸಿಗದೇ ಇದ್ದಿದ್ದು ನನಗೆ ಸಿಕ್ತು" ಎಂದಿರಿ. ಸೂಜಿ ಅದೇ ಅಳತೆಯದು. ಅದನ್ನು ಬೆಳಕಿಗೆ ಹಿಡಿದು, "ಸಾಲದು ಮಾವ, ಕಾರ್ಬ್ಯುರೇಟರೇ ಸೊಟ್ಟಗಾಗಿದೆ" ಎಂದುಬಿಟ್ಟೆ. ನಾಲಿಗೆ ಹೇಗೆ ಹೊರಳಿತೋ.

ಅಲ್ಲೇ ಇದ್ದ ಗಿರಾಕಿಯೊಬ್ಬ ನಕ್ಕ. "ಏನಪ್ಪಾ ಮೇಸ್ತ್ರಿ, ಒಂದು ಸೋರಿಕೆ ನಿಲ್ಸಕ್ಕೆ ಇಷ್ಟು ದಿನಾನಾ?" ನಾನು ಉತ್ತರಿಸುವ ಮೊದಲೇ ನೀವು ಎದ್ದು ನಿಂತಿರಿ. "ಅವ್ರ ಕೈಲಿ ಆಗ್ದೇ ಇದ್ದಿದ್ದು ಇನ್ಯಾರ ಕೈಲೂ ಆಗಲ್ಲ. ತಪ್ಪು ನಂದು, ಗಾಡೀನ ಅಷ್ಟು ಸವೆಸಿದ್ದೀನಿ."

ಮಾವ, ಆ ಮಾತು ನನ್ನನ್ನು ಕೊಂದಿತು. ರಾತ್ರಿ ಊಟದ ತಟ್ಟೆ ಸರಿಸಿ ಎದ್ದೆ. ನಿಮ್ಮ ಮಗಳು ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದೆ, ಅದೂ ಒಂದು ಸುಳ್ಳು.

ನಿನ್ನೆ ಗ್ಯಾರೇಜಿನ ಬಾಗಿಲಲ್ಲಿ ಮತ್ತೆ ನಿಮ್ಮ ಕಣ್ಣು ಕತ್ತಲಿಟ್ಟಿತು. ನಾನು ಹಿಡಿದುಕೊಂಡೆ. ನೀರು ಕುಡಿದು, "ಮಗಳಿಗೆ ಹೇಳ್ಬೇಡಿ" ಎಂದು ನನ್ನ ಕೈ ಒತ್ತಿದಿರಿ. ಹೇಳಿದ್ದೇನೆ. ಅದಕ್ಕೂ ಸೇರಿಸಿ ಬೈಯಿರಿ. ಒಂದು ಮನೆಯಲ್ಲಿ ಎಲ್ಲರೂ ಎಲ್ಲರಿಂದಲೂ ಮುಚ್ಚಿಟ್ಟುಕೊಂಡು ಹೀಗೆ ಎಷ್ಟು ದಿನ ಇರುವುದು?

ಇವತ್ತು ಬೆಳಿಗ್ಗೆ ನೀವು ತಂದ ಸೂಜಿಯನ್ನೇ ಹಾಕಿದೆ. ಗಾಡಿಯ ಕೆಳಗೆ ಕಾಗದ ಹಾಸಿ ಮಧ್ಯಾಹ್ನದವರೆಗೆ ನೋಡಿದೆ. ಒಂದು ಹನಿಯೂ ಬಿದ್ದಿಲ್ಲ.

ನಾನು ನಿಮ್ಮ ಮುಖಕ್ಕೇ ಹೇಳಬೇಕಾಗಿದ್ದ ಮಾತು ಒಂದೇ: ನೀವು ಗಾಡಿ ಓಡಿಸಬಾರದು ಮಾವ. ಅಷ್ಟನ್ನು ಹೇಳುವ ಧೈರ್ಯವಿಲ್ಲದೆ ನಿಮ್ಮನ್ನು ಬಿಸಿಲಿನಲ್ಲಿ ಅಲೆಸಿದೆ. ನೀವು ಗಾಡಿ ತಳ್ಳಿಕೊಂಡು ಬಂದ ದಿನವೇ ಕೈ ಹಿಡಿದು ಹೇಳಿದ್ದರೆ ಚೆನ್ನಾಗಿತ್ತು.

ಸಂಜೆ ಗಾಡಿ ಓಡಿಸಿಕೊಂಡು ನಿಮ್ಮ ಮನೆಗೆ ಬರುತ್ತೇನೆ. ಹಿಂದೆ ಕೂತುಕೊಳ್ಳಿ, ಬೇಕರಿಗೆ ಹೋಗಿ ಕೂತು ಮಾಡುವ ಕೆಲಸವೇನಾದರೂ ಇದೆಯಾ ಎಂದು ಇಬ್ಬರೂ ಕೇಳೋಣ. ಹತ್ತಲು ಮನಸ್ಸಿಲ್ಲದಿದ್ದರೆ ಬಲವಂತವಿಲ್ಲ. ಗಾಡಿ ನಿಮ್ಮದು, ನಿಮ್ಮ ಬಾಗಿಲಲ್ಲೇ ನಿಲ್ಲಿಸಿ ನಡೆದುಕೊಂಡು ವಾಪಸ್ಸಾಗುತ್ತೇನೆ. ಕೀ ಮಾತ್ರ ನನ್ನ ಜೇಬಿನಲ್ಲಿರುತ್ತದೆ. ಕೇಳಿದರೂ ಕೊಡುವುದಿಲ್ಲ.

ನೀವು ನೂರು ಕಾಲ ಚೆನ್ನಾಗಿರಬೇಕು. ಸಿಟ್ಟು ಇಳಿದ ದಿನ ಒಂದು ಮಾತು ಹರಸಿ.

ನಿಮ್ಮ ನಂಬಿಕೆಗೆ ತಕ್ಕವನಾಗದ,
ನಿಮ್ಮ ಅಳಿಯ